ಹಾಳೆಯ ಹಂದಿಗಳು

ನಾಗೇಂದ್ರಪ್ಪನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನಮ್ಮೂರು ಗೋವಿನಕೋವಿಯವರು ಈಗಲೂ ಆಡಿಕೊಳ್ಳುತ್ತಾರೆ. ಆ ಸಿಟ್ಟು ಯಾಕೆ ಬಂತು ಎಂದು ಮಾತ್ರ ಒಬ್ಬರೂ ಬಾಯಿ ಬಿಡುವುದಿಲ್ಲ. ಪಕ್ಕದ ಮನೆಯವನಾದ ನಾನೇ ಹೇಳುತ್ತೇನೆ.

ಎಪ್ಪತ್ತೆಂಟನೇ ಇಸವಿಯಲ್ಲಿ ಅವನು ಮಿಲಿಟರಿ ಬಿಟ್ಟು ಊರಿಗೆ ಬಂದಾಗ ಅವನ ತಮ್ಮ ಬಂಗಾರಪ್ಪನಿಗೆ ಬಲಗೈ ಇರಲಿಲ್ಲ. ಹಿಂದಿನ ವರ್ಷ ಬಂಗಾರಪ್ಪ ಹಂದಿ ಕಾಯಲು ಕಬ್ಬಿನ ಗದ್ದೆಯ ಬದುವಿನಲ್ಲಿ ತಲೆ ಮೈ ಮುಚ್ಚುವಂತೆ ಕಂಬಳಿ ಕೊಪ್ಪೆ ಹಾಕಿಕೊಂಡು ಕುಕ್ಕರುಗಾಲಿನಲ್ಲಿ ಕೂತಿದ್ದ. ಊರಿಗೆಲ್ಲ ಇದ್ದದ್ದು ಒಂದೇ ಲೈಸೆನ್ಸ್ ಬಂದೂಕು, ಅದು ಮಹೇಶ್ವರಪ್ಪನವರದು. ಮುಸ್ಸಂಜೆಯಲ್ಲಿ ಅವರ ಕಣ್ಣಿಗೆ ಕರ್ರಗೆ ಏನೋ ಅಲ್ಲಾಡಿದಂತೆ ಕಂಡಿತು, ಹೊಡೆದೇಬಿಟ್ಟರು. ಊರ ಹಿರಿಯರು ಸೇರಿ, "ಜೀವ ಉಳೀತಲ್ಲ, ಬಿಡ್ರಿ ಅತ್ಲಾಗೆ" ಎಂದು ಕೈ ತೊಳೆದುಕೊಂಡರು. ಆ ಮಾತು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಮತ್ತೆ ಕಬ್ಬು ಆಳೆತ್ತರ ಬೆಳೆಯಿತು, ಹಂದಿಗಳೂ ಬಂದವು. ಮಹೇಶ್ವರಪ್ಪನವರು ಮಟಮಟ ಮಧ್ಯಾಹ್ನ ಕೆರೆಯಂಗಳದಲ್ಲಿ ಮಡಕೆ ಸಾಲಾಗಿಟ್ಟು, ಹತ್ತಿರದಿಂದ ಒಂದೊಂದನ್ನೇ ಒಡೆದು ಮೀಸೆ ತಿರುವುತ್ತಿದ್ದರು. ನಾಗೇಂದ್ರಪ್ಪ ಅಲ್ಲಿಗೇ ಹೋಗಿ ನಿಂತ.

"ಮಡಕೆ ಬಂದು ನಿಮ್ಮ ಕಬ್ಬು ತಿಂತಾವೇನ್ರೀ? ನಾಳೆ ಸಂಜೆ ಬರ್ರಿ. ಗುರಿ ನಾನು ಇಡ್ತೀನಿ."

"ನನಗೇ ಕಲಿಸಾಕೆ ಬಂದಾನೆ" ಎಂದು ಅವರು ನಕ್ಕರು. ಆದರೆ ಜನರೆದುರು ಹಿಂದೆ ಸರಿಯಲಾಗದೆ ಮರುದಿನ ಬಂದರು.

ನಾಗೇಂದ್ರಪ್ಪ ಅಡಿಕೆ ಹಾಳೆಗಳನ್ನು ಹಂದಿಯಂತೆ ಕತ್ತರಿಸಿ ಮಸಿ ಬಳಿದಿದ್ದ. ಒಂದೊಂದೂ ಬೆಕ್ಕಿನಷ್ಟೇ ದೊಡ್ಡದು. ಗದ್ದೆಯ ಆಚೆ ಬದುವಿನಲ್ಲಿರುವ ಹಂದಿ ನಮ್ಮ ಕಣ್ಣಿಗೆ ಎಷ್ಟು ದೊಡ್ಡದಾಗಿ ಕಾಣುತ್ತದೋ, ಹತ್ತಿರದ ಹಾಳೆಯೂ ಅಷ್ಟೇ ಕಾಣಬೇಕು ಎಂಬುದು ಅವನ ಲೆಕ್ಕ. ಅವನ್ನು ಒಣ ಸೋಗೆಯ ಮರೆಯಲ್ಲಿ ಅರ್ಧಂಬರ್ಧ ಕಾಣುವಂತೆ ನಿಲ್ಲಿಸಿದ್ದ. ಹೊತ್ತು ಮುಳುಗುತ್ತಿತ್ತು. ಮಹೇಶ್ವರಪ್ಪನವರು ಕಂಡದ್ದಕ್ಕೆಲ್ಲ ಹೊಡೆದರು, ಜನ ಭೇಷ್ ಎಂದರು.

ನಾಗೇಂದ್ರಪ್ಪ ಒಂದು ಹಾಳೆಯನ್ನು ಕಿತ್ತು ತಂದು ಅವರ ಮುಖದ ಮುಂದೆ ಹಿಡಿದ. ಹಂದಿಗಳ ನಡುವೆ ಅವನು ಸೇರಿಸಿಟ್ಟಿದ್ದ ಅದು ಹಂದಿಯಲ್ಲ, ಕೊಪ್ಪೆ ಹಾಕಿಕೊಂಡು ಕೂತ ಮನುಷ್ಯ. ಮೈತುಂಬ ತೂತು.

"ಇವನ್ಯಾರು, ಗುರುತು ಸಿಕ್ತೇನ್ರೀ?"

ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕು, "ಹಾಳೆ ಅಲ್ವೇನೋ, ಬಿಡು" ಎಂದ. ಆಗ ನಾಗೇಂದ್ರಪ್ಪ ಬೈದ ಬೈಗುಳ ಬರೆಯುವಂಥದಲ್ಲ. ನಕ್ಕವನಿಗೆ ಎರಡು ಬಿಟ್ಟಿದ್ದರೂ ನನಗೆ ಸಂತೋಷವೇ ಆಗುತ್ತಿತ್ತು.

ಮಾರನೆಯ ಸಂಜೆ ಮಹೇಶ್ವರಪ್ಪನವರು ಯಾರನ್ನೂ ಕರೆಯದೆ ಒಬ್ಬರೇ ಬಂದರು. ಹಾಳೆ ನಿಲ್ಲಿಸಲು ಹೋಗಿದ್ದ ನಾನು ಅಲ್ಲೇ ಇದ್ದೆ. ಗುರಿಗಳ ಜಾಗ ಬದಲಾಗಿತ್ತು. ಅವರು ಬಂದೂಕು ಎತ್ತಿದರು, ಬಹಳ ಹೊತ್ತು ನೋಡಿದರು, ಹಾಗೇ ಇಳಿಸಿದರು.

"ಯಾಕ್ರೀ ಹೊಡೀಲಿಲ್ಲ?" ಎಂದು ಕೇಳಿದ ನಾಗೇಂದ್ರಪ್ಪ.

"ಹಂದಿನೋ ಮನುಷ್ಯನೋ ಗೊತ್ತಾಗ್ತಿಲ್ಲ ಕಣಪ್ಪ."

ಅದು ಹಂದಿಯೇ ಆಗಿತ್ತು. ಆದರೂ ಹೊಡೆಯದೆ ಬಿಟ್ಟದ್ದೇ ಅವನು ಕಲಿಸಬೇಕೆಂದಿದ್ದ ಪಾಠ. ನಾಗೇಂದ್ರಪ್ಪ ಶಹಬ್ಬಾಸ್ ಅನ್ನಲಿಲ್ಲ, ಅವನ ಸಿಟ್ಟೂ ಇಳಿಯಲಿಲ್ಲ.

"ಈ ಮಾತು ಆವತ್ತೇ ನಿಮ್ಮ ಬಾಯಾಗೆ ಬಂದಿದ್ರೆ, ನನ್ನ ತಮ್ಮ ಇವತ್ತು ಬಲಗೈಯಾಗೆ ಉಣ್ತಿದ್ದ."