ದೊಡ್ಡವ್ವನ ಕಾಸಿನ ಶಿವ-ಪಾರ್ವತಿ

ಶಿವ-ಪಾರ್ವತಿಯರನ್ನು ಬೇರೆ ಮಾಡಿದ ಪಾಪ ಈ ವಾರ ನನ್ನ ತಲೆಗೆ ಸುತ್ತಿಕೊಂಡಿತು.

ರಾಯದುರ್ಗದ ನಮ್ಮ ದೊಡ್ಡವ್ವನ ದೇವರ ಜಗಲಿಯ ಮೇಲೆ ಒಂದು ಹಳೆಯ ತಾಮ್ರದ ಕಾಸಿದೆ. ಅದರಲ್ಲಿ ಎರಡು ಮುಖ, ಒಂದರ ಮೇಲೊಂದು. ಶಿವ-ಪಾರ್ವತಿ ಎಂದು ಮನೆಯವರ ನಂಬಿಕೆ. ಪ್ರತಿ ಸೋಮವಾರ ಹುಣಸೆಹಣ್ಣು ಹಚ್ಚಿ ತಿಕ್ಕಿ ವಿಭೂತಿ ಇಡುತ್ತಾರೆ. ಮನೆಯ ಹೆಣ್ಣುಮಗಳು ಅದನ್ನು ಸೆರಗಿಗೆ ಕಟ್ಟಿಕೊಂಡೇ ಗಂಡನ ಮನೆಯ ಹೊಸ್ತಿಲು ದಾಟಬೇಕು. ಮೊದಲ ಸಲ ತವರಿಗೆ ಬಂದಾಗ ಮರಳಿ ತರಬೇಕು.

ಈಗಿನ ಸರದಿ ಮೊಮ್ಮಗಳು ಗಿರಿಜಾಳದು. ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಸೂಪರ್‌ವೈಸರ್. ಮಡಕಶಿರಕ್ಕೆ ಸೊಸೆಯಾಗಿ ಹೊರಟಿದ್ದಾಳೆ. ಆ ಮನೆಯಲ್ಲಿ ಸೊಸೆಗೆ ಹೊಸ ಹೆಸರಿಡುವ ಪದ್ಧತಿಯಂತೆ. "ನಾಳೆಯಿಂದ ನಾ ಯಾರೋ ಏನೋ ಚಿಗಪ್ಪ" ಎಂದು ಮುಖ ಸಣ್ಣ ಮಾಡಿಕೊಂಡು ಕುಳಿತಿದ್ದಳು.

ನನಗೆ ಹಳೆಯ ನಾಣ್ಯಗಳ ಹುಚ್ಚು (ಹೆಂಡತಿ ಅದನ್ನು ರೋಗ ಎನ್ನುತ್ತಾಳೆ). "ನೋಡಪಾ, ಏನು ಬರ್ದಾರ ಇದರಾಗ?" ಎಂದು ದೊಡ್ಡವ್ವ ಕಾಸನ್ನು ಕೈಗಿಟ್ಟಳು. ಲೆನ್ಸ್ ಹಿಡಿದೆ. ಎಲ್ಲಿಯ ಶಿವ, ಎಲ್ಲಿಯ ಪಾರ್ವತಿ? ಬೈಜಾಂಟಿಯಂ, ಅಂದರೆ ಪೂರ್ವದ ರೋಮನ್ನರ ನಾಣ್ಯ! ಯಾವ ವ್ಯಾಪಾರಿಯ ಗಂಟಿನಲ್ಲಿ ಬಂತೋ. ಎರಡು ಮುಖವೂ ರಾಜರದೇ. ಒಬ್ಬನನ್ನು ಕೊಂದು ಪಟ್ಟಕ್ಕೆ ಬಂದವನು ಇನ್ನೊಬ್ಬ. ಹಳೆಯ ಕಾಸು ಕರಗಿಸಲು ಪುರುಸೊತ್ತು ಯಾರಿಗಿತ್ತು? ಅದರ ಮೇಲೆಯೇ ತನ್ನ ಅಚ್ಚು ಇಟ್ಟು ಸುತ್ತಿಗೆಯಿಂದ ಬಡಿಸಿದ್ದಾನೆ. ಯಾರು ಮೇಲೆ, ಯಾರು ಕೆಳಗೆ ಎಂದು ತಿಳಿಯುವುದು ಸುಲಭ. ಮೇಲಿನ ಅಚ್ಚಿನ ಗೆರೆ ಕಡಿಯದೆ ಸಾಗುತ್ತದೆ. ಕೆಳಗಿನದು ಚಪ್ಪಟೆಯಾಗಿ ನಡುನಡುವೆ ತುಂಡಾಗಿರುತ್ತದೆ.

ಹೇಳಬೇಕೋ, ಬೇಡವೋ? ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ. ಹೇಳಿಬಿಟ್ಟೆ.

"ಮದಿವಿ ಹುಡುಗಿ ಸೆರಗಿಗೆ ವೈರಿಗಳ್ನ ಕಟ್ಟಿ ಕಳಸಬೇಕೇನು?" ಎಂದು ದೊಡ್ಡವ್ವ ಕಾಸನ್ನು ಕಸಿದುಕೊಂಡು ಗೂಡಿನಲ್ಲಿಡಲು ಎದ್ದಳು.

ಗಿರಿಜಾ ತಡೆದಳು. "ಚಿಗಪ್ಪ, ಕೆಳಗಿನಾತ ಪೂರ್ತಿ ಅಳಿಸಿ ಹೋಗ್ಯಾನೇನ್ರಿ?"

"ಇಲ್ಲವ್ವ. ಕಿವಿ, ಗಡ್ಡ ಇನ್ನೂ ಕಾಣ್ತಾವ. ಹೆಸರಿನ ಒಂದೆರಡು ಅಕ್ಷರನೂ ಅದಾವ."

"ಅಷ್ಟು ಜೋರು ಬಡಿದ್ರೂ?"

"ಹೂನವ್ವ, ಅಷ್ಟು ಜೋರು ಬಡಿದ್ರೂ."

"ಹಂಗಾದ್ರ ಇದಾ ಬೇಕು ನನಗ. ಕೊಡಜ್ಜಿ ಇಲ್ಲಿ."

ಕಾಸನ್ನು ತಾನೇ ಸೆರಗಿಗೆ ಗಂಟು ಹಾಕಿಕೊಂಡು ನಕ್ಕಳು. ಬೆಳಿಗ್ಗೆಯಿಂದ ಅದೇ ಮೊದಲ ನಗು. ದೊಡ್ಡವ್ವ ತಾನೂ ನಕ್ಕು ನೆಟಿಕೆ ಮುರಿದಳು. ನನಗೆ ಹೋದ ಜೀವ ಬಂದಂತಾಯಿತು, ಹೋಳಿಗೆ ಹೆಚ್ಚೇ ತಿಂದೆ.

ಮಡಕಶಿರದ ಅಳಿಯಂದಿರೇ, ಹೊಸ ಹೆಸರಿನ ಅಚ್ಚು ಸ್ವಲ್ಪ ಹಗುರವಾಗಿ ಒತ್ತಿ!