ಲ್ಯಾಗ್ ತೆಗೆದು ಲಗೂ ಮಾಡುವ ಹೊಳೆವ್ವ

ಬೆಳಗಿನ ಐದೂವರೆ. ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಮಗ್ಗುಲಿನ ತಗಡಿನ ಶೆಡ್ಡಿನಲ್ಲಿ ಹೊಳೆವ್ವ ಕಾರಿಗೆ ಎರೆಯುತ್ತಿದ್ದಾರೆ. ಬೋಗುಣಿಯ ತುಂಬ ಅಂಟವಾಳದ ನೊರೆ, ಕೈಯಲ್ಲಿ ಸುಣ್ಣ ಬಳಿಯುವ ಹಳೆಯ ಕುಂಚ. ಸೀರೆಯ ಮೇಲೆ ಗಂಡನ ಖಾಕಿ ಅಂಗಿ ತೊಟ್ಟು, ಬಾನೆಟ್ಟು ತೆರೆದ ಕೆಂಪು ಸ್ಪೋರ್ಟ್ಸ್ ಕಾರಿನೊಳಗೆ ಸೊಂಟದ ತನಕ ಇಳಿದಿದ್ದಾರೆ. ಪೈಪಿನ ಒಂದೊಂದು ಕೀಲಿಗೂ ನೊರೆ ಹಚ್ಚುತ್ತಾರೆ. ಆಚೆ ಬದಿಯಲ್ಲಿ ಗಂಡ ತುಕಾರಾಮ ಕಂಪ್ರೆಸರಿನಿಂದ ಪೈಪಿನೊಳಗೆ ಗಾಳಿ ಬಿಡುತ್ತಾರೆ. ಗುಳ್ಳೆ ಎದ್ದ ಕಡೆ ಸೋರಿಕೆ. ಇವತ್ತು ಒಂದು ಗುಳ್ಳೆಯೂ ಏಳುತ್ತಿಲ್ಲ.

“ಬಾಜೂಕಿನ ಹಿಟ್ಟಿನ ಗಿರಣಿ ಏಳಕ್ಕ ಚಾಲೂ ಆಗ್ತೈತ್ರಿ. ಅದರ ಬಾಯಿ ತೆರೀತಂದ್ರ ನಮ್ಮ ಕಿವಿ ಮುಚ್ಚಿದಂಗ. ಅದಕ್ಕ ಖರೆ ಕೆಲಸ ಎಲ್ಲಾ ನಸುಕಿನ್ಯಾಗ,” ಅನ್ನುತ್ತಾರೆ ನಲವತ್ತಾರರ ಹೊಳೆವ್ವ.

ನೊರೆ ಒರೆಸಿದ ಮೇಲೆ ಅವರ ಹೆಬ್ಬೆರಳು ಒಂದು ಕಡೆ ನಿಲ್ಲುತ್ತದೆ. ಇಂಜಿನ್ನಿನ ಮಗ್ಗುಲಿಗೆ ಶಂಖದಂತೆ ಸುರುಳಿ ಸುತ್ತಿ ಕೂತ ಟರ್ಬೋ. ಅದರ ಹಣೆಯ ಮೇಲೆ, ಶೇಂಗಾ ಬೀಜದಷ್ಟು ದೊಡ್ಡದಾಗಿ ಒತ್ತಿದ ‘ಹೊ’ ಅಕ್ಷರ. ಹೊಳೆವ್ವನ ‘ಹೊ’. ತುಕಾರಾಮ ತಮ್ಮ ಲೇಥಿನಲ್ಲೇ ಮಾಡಿಕೊಟ್ಟ ಉಕ್ಕಿನ ಅಚ್ಚು ಅದು. ಒಂಬತ್ತು ವರ್ಷದಿಂದ ಈ ಶೆಡ್ಡಿನಲ್ಲಿ ಬಿಚ್ಚಿ ಕಟ್ಟಿದ ಪ್ರತಿ ಟರ್ಬೋದ ಮೇಲೂ, ಜೋಡಿಸುವ ಮೊದಲು, ಆ ಅಕ್ಷರ ಬೀಳುತ್ತದೆ.

ಇವತ್ತಿನ ಕಾರು ಸಂಗನಬಸವನದು. ಇದೇ ಊರಿನ ಜೋರಾಪುರ ಪೇಟೆಯ ವ್ಯಾಪಾರಸ್ಥರ ಮನೆಯ ಹುಡುಗ. ಇಂಜಿನಿಯರಿಂಗ್ ಓದಿ ಈಗ ಕೊಲ್ಲಾಪುರದಲ್ಲಿ ರೇಸಿನ ಕಾರು ಕಟ್ಟಿಕೊಡುತ್ತಾರೆ. ಎರಡು ವರ್ಷದ ಹಿಂದೆ ಅವರದೇ ಇನ್ನೊಂದು ಕಾರಿನ ಟರ್ಬೋ ಸರ್ವಿಸಿಗೆಂದು ಈ ಶೆಡ್ಡಿಗೆ ವಾಪಸು ಬಂದಾಗ ಅದರ ಹಣೆ ಬೋಳಾಗಿತ್ತು. ‘ಹೊ’ ಹೋಗಿ, ಆ ಜಾಗದಲ್ಲಿ ಸಂಗನಬಸವನ ಕಂಪನಿಯ ಇಂಗ್ಲಿಷ್ ಸ್ಟಿಕರು ಮಿಂಚುತ್ತಿತ್ತು.

“ಅವತ್ತ ಬಾಯಿ ಮುಚಗೊಂಡ ಕುಂತೆ. ಇವತ್ತ ಅಕ್ಷರ ಹೋಗಬೇಕು ಅಂದ್ರ ಟರ್ಬೋ ಹೋಗೂದಿಲ್ಲ. ಅಷ್ಟ.” ಗಂಡನ ಕಡೆ ತಿರುಗಿ, ತುಟಿ ಬಿಡಿಸಿ ಬಿಡಿಸಿ ಮತ್ತೊಮ್ಮೆ ಹೇಳುತ್ತಾರೆ. ತುಕಾರಾಮರಿಗೆ ಕಿವಿ ಅಷ್ಟಕ್ಕಷ್ಟೆ. ತುಟಿ ನೋಡಿ ತಲೆಯಾಡಿಸುತ್ತಾರೆ.

ಟರ್ಬೋ ಅಂದರೇನು ಎಂದು ಕೇಳಿದವರಿಗೆ ಹೊಳೆವ್ವ ಒಂದೇ ಉಸಿರಿನಲ್ಲಿ ಪಾಠ ಮುಗಿಸುತ್ತಾರೆ: “ಇಂಜಿನ್ ಬಿಟ್ಟ ಹೊಗಿ ಒಂದ ಸಣ್ಣ ಗಾಲಿ ತಿರಗಸ್ತೈತಿ. ಆ ಗಾಲಿ ಇನ್ನೊಂದ ಗಾಲಿ ತಿರಗಸಿ ಇಂಜಿನ್ನಿಗೆ ಗಾಳಿ ತುಂಬತೈತಿ. ಗಾಳಿ ಜಾಸ್ತಿ ಅಂದ್ರ ದಮ್ಮು ಜಾಸ್ತಿ.” ಗಾಲಿಯಿಂದ ಗಾಳಿ, ಗಾಳಿಯಿಂದ ಗಾಡಿ. ಆದರೆ ಕಾಲು ಒತ್ತಿದ ಕೂಡಲೇ ದಮ್ಮು ಬರುವುದಿಲ್ಲ. ಹೊಗೆ ಕೂಡಬೇಕು, ಗಾಲಿ ರಭಸ ಹಿಡಿಯಬೇಕು. ಆ ಕಾಯುವ ಹೊತ್ತಿಗೆ ಓದಿದವರು ಟರ್ಬೋ ಲ್ಯಾಗ್ ಅನ್ನುತ್ತಾರೆ. ರೇಸಿನ ಕಾರಿಗೆ ಅದು ಶಾಪ: ತಿರುವಿನಲ್ಲಿ ಬೇಡಿದ ಶಕ್ತಿ ತಿರುವು ದಾಟಿದ ಮೇಲೆ ಬರುತ್ತದೆ, ಮದುವೆ ಮುಗಿದ ಮೇಲೆ ಬಂದ ಬ್ಯಾಂಡಿನ ಹಾಗೆ. “ಗೋಳಗುಮ್ಮಟದಾಗ ಸದ್ದು ತಡಾ ಆಗಿ ತಿರಗಿ ಬಂದ್ರ ಮಂದಿ ಚಪ್ಪಾಳಿ ಹೊಡೀತಾರ. ಇಂಜಿನ್ನಿನಾಗ ತಡಾ ಬಂದ್ರ ಹಣಿ ಹಣಿ ಹೊಡಕೋತಾರ,” ಎಂದು ನಗುತ್ತಾರೆ.

ಈ ವಿದ್ಯೆ ಅವರಿಗೆ ಯಾವ ಕಾಲೇಜಿನಲ್ಲೂ ದಕ್ಕಿದ್ದಲ್ಲ. ಹುಟ್ಟಿದ್ದು ಬಬಲೇಶ್ವರದಲ್ಲಿ, ಕುರಿ ಮತ್ತು ಹೊಲ ಎರಡೂ ಇದ್ದ ಮನೆ. ಏಳನೇ ಇಯತ್ತೆಗೆ ಸಾಲಿ ಮುಗಿಯಿತು. ಲಗ್ನವಾಗಿ ಬಂದದ್ದು ತಿಕೋಟಾಕ್ಕೆ. ಅಲ್ಲಿ ದ್ರಾಕ್ಷಿ ತೋಟಗಳಿಗೆ ನೀರಿನ ಪೈಪು ಎಳೆಯುವ ಗುಂಪಿನಲ್ಲಿ ಹನ್ನೊಂದು ವರ್ಷ ದುಡಿದರು. ಎಷ್ಟು ದೂರಕ್ಕೆ ಎಷ್ಟು ದಪ್ಪದ ಪೈಪು, ಎಲ್ಲಿ ಬಾಗಿಸಿದರೆ ನೀರು ಸೊರಗುತ್ತದೆ, ಯಾವ ಕೀಲು ಕದ್ದು ಸೋರುತ್ತದೆ ಎನ್ನುವುದೆಲ್ಲ ಕೈಗೆ ಹತ್ತಿದ್ದು ಆ ಕೆಂಪು ಮಣ್ಣಿನಲ್ಲಿ. “ನೀರಾದ್ರೇನು, ಗಾಳಿಯಾದ್ರೇನು? ಎರಡೂ ಮೈಗಳ್ಳ. ಸಂದು ಸಿಕ್ಕಲ್ಲೆ ಓಡಿಹೋಗ್ತಾವ.”

ತುಕಾರಾಮ ಆಗ ವಿಜಯಪುರದ ಒಂದು ಗ್ಯಾರೇಜಿನಲ್ಲಿ ಲೇಥ್ ಕೆಲಸಗಾರ. ಲೇಥು, ಸುತ್ತಿಗೆ ಸೇರಿ ಇಪ್ಪತ್ತು ವರ್ಷದಲ್ಲಿ ಅವರ ಕಿವಿಯನ್ನು ತಿಂದು ಹಾಕಿದವು. ಬೇರಿಂಗು ಅಳುವುದು ಕೇಳದ ಮಿಸ್ತ್ರಿ ಯಾಕೆ ಬೇಕು ಎಂದು ಮಾಲೀಕ ಮುಖ ತಿರುಗಿಸಿದ. ಬುತ್ತಿ ಕೊಡಲು ಹೋದ ಹೊಳೆವ್ವ ಅವತ್ತಿನಿಂದ ಅಲ್ಲೇ ಕೂತರು. ಗಂಡನ ಮಾತಿಗೆ ಕಿವಿಗೊಡುವ ಹೆಂಡತಿಯರು ಊರ ತುಂಬ ಇರಬಹುದು. ಗಂಡನಿಗೇ ಕಿವಿ ಕೊಟ್ಟವರು ಇವರೊಬ್ಬರೇ. ಹೆಂಗಸು ಕೂತರೆ ಗಿರಾಕಿ ಬರುವುದಿಲ್ಲ ಎಂದ ಮಾಲೀಕನಿಗೆ ಶರಣು ಹೇಳಿ ಇಬ್ಬರೂ ಎದ್ದು ಬಂದು ಇಬ್ರಾಹಿಂಪುರದಲ್ಲಿ ಈ ಶೆಡ್ಡು ಹಾಕಿದರು.

ಮೊದಲ ವರ್ಷ ಬಂದವರೆಲ್ಲ ಕೇಳಿದ ಪ್ರಶ್ನೆ ಒಂದೇ. ಹೊಳೆವ್ವ ಮೀಸೆ ತಿರುವುವ ಕೈ ಮಾಡಿ, ಗಂಟಲು ದಪ್ಪ ಮಾಡಿ ಅದನ್ನು ಆಡಿ ತೋರಿಸುತ್ತಾರೆ: “ಏ ಯವ್ವಾ, ಮಿಸ್ತ್ರಿ ಎಲ್ಲಿ ಹೋಗ್ಯಾನ?” ಕೂಡಲೇ ತಮ್ಮ ದನಿಗೆ ಇಳಿದು ಉತ್ತರ: “ಎದುರಿಗೇ ನಿಂತೇನ್ರಿ. ಕಾಣವಲ್ದಂದ್ರ ಕಣ್ಣಿನ ಡಾಕ್ಟರ ಕಡೆ ಹೋಗಿ ಬರ್ರಿ, ಕಾಯ್ತೇನಿ.”

ಆಡಿ ತೋರಿಸುವುದು ಅವರ ಚಾಳಿಯಲ್ಲ, ಕಸುಬು. ಇಂಜಿನ್ ಹೇಗೆ ಕೂಗಿತು ಎಂದು ಕಿವಿ ಕೇಳದ ಗಂಡನಿಗೆ ತಿಳಿಸುವುದು ಹೇಗೆ? ಹೊಳೆವ್ವ ಕಾರಿನ ಸದ್ದನ್ನು ಬಾಯಿಂದ ಹೊರಡಿಸುತ್ತಾರೆ, ತುಕಾರಾಮ ಹೆಂಡತಿಯ ಗಲ್ಲ ನೋಡುತ್ತಾರೆ. ‘ಉಂಂಂ’ ಎಂದು ತುಟಿ ಬಿಗಿದು ಶುರು. ಟರ್ಬೋ ಗಾಳಿ ತುಂಬಿದ ಗಳಿಗೆಗೆ ಗಲ್ಲ ಪುಗ್ಗಿಯಂತೆ ಉಬ್ಬುತ್ತದೆ, ‘ಸ್ಸುಯ್ಯ್’ ಎಂದು ಗಾಳಿ ಹೊರಡುತ್ತದೆ. ಕಾಲು ಒತ್ತಿದಲ್ಲಿಂದ ಗಲ್ಲ ಉಬ್ಬುವ ತನಕ ಎಷ್ಟು ಹೊತ್ತೋ ಅಷ್ಟು ಲ್ಯಾಗು. ಲ್ಯಾಪ್‌ಟಾಪು ಇಟ್ಟು ತಾಳೆ ನೋಡಿದವರಿದ್ದಾರೆ. ಗಲ್ಲ ಸೋತಿಲ್ಲ.

ತಿಕೋಟಾದ ದ್ರಾಕ್ಷಿ ಬೆಳೆಗಾರ ರಾಯಪ್ಪ ಇದಕ್ಕೆ ಸಾಕ್ಷಿ. “ಫೋನ ಹಚ್ಚಿ ಟ್ರ್ಯಾಕ್ಟರ್ ದಮ್ಮು ಹಿಡಿವಲ್ದು ಅಂದೆ. ಸೈಲೆನ್ಸರಿಗೆ ಫೋನ ಹಿಡಿ ಅಂದ್ಲು, ಹಿಡದೆ. ಆಮ್ಯಾಲ ಆಕಿ ಫೋನಿನಾಗ ನನ್ನ ಟ್ರ್ಯಾಕ್ಟರ್ ಹಂಗ ಒದರಿದ್ಲು ನೋಡ್ರಿ, ನಮ್ಮ ನಾಯಿ ಫೋನಿಗೇ ಬೊಗಳಾಕ ಹತ್ತಿತು!” ರೋಗ ಸಣ್ಣದು, ಒಂದು ಸೀಳಿದ ರಬ್ಬರಿನ ಪೈಪು. ಫೋನಿನಲ್ಲೇ ಗುಣವಾಯಿತು.

ತಿಂಗಳಿಗೆ ಇಪ್ಪತ್ತೆರಡರಿಂದ ಇಪ್ಪತ್ತೈದು ಟರ್ಬೋ. ಹೆಚ್ಚಿನವು ಲಾರಿ, ಟ್ರ್ಯಾಕ್ಟರು, ಬೋರು ಕೊರೆಯುವ ಗಾಡಿಗಳವು. ಸ್ಪೋರ್ಟ್ಸ್ ಕಾರುಗಳು ಆರು ವರ್ಷದಲ್ಲಿ ಹದಿನಾಲ್ಕು. ಒಳಗಿನ ಗಾಲಿ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ತಿರುಗುತ್ತದೆ. ಕೂದಲೆಳೆಯಷ್ಟು ತೂಕ ಒಂದು ಬದಿಗೆ ವಾಲಿದರೂ ಚೂರುಚೂರು. ಹಾಗಾಗಿ ಒಂದೊಂದು ಗಾಲಿಗೂ ಅರ್ಧ ದಿನ. ಹೊಳೆವ್ವನ ಎಡಗೈಯ ಎರಡು ಬೆರಳ ತುದಿ ಸುಟ್ಟು ಚರ್ಮ ನುಣುಪಾಗಿದೆ. “ಆಧಾರ್ ಮಷೀನು ನನ್ನ ಗುರುತ ಹಿಡಿಯೂದಿಲ್ರಿ. ಟರ್ಬೋ ಹಿಡೀತಾವ.”

ಸಂಗನಬಸವ ಈ ಸಲ ತಿಂಗಳ ಹಿಂದೆ ಮೊದಲು ಬಂದಾಗ ಕಾರು ತಂದಿರಲಿಲ್ಲ. ಡಬ್ಬಿಯಲ್ಲಿ ಬರೀ ಟರ್ಬೋ. ಬೇರಿಂಗು ಬದಲಿಸಿ ಕೊಡಿ, ಸಾಕು ಎಂದರು. ಹೊಳೆವ್ವ ಡಬ್ಬಿ ಮುಟ್ಟಲಿಲ್ಲ. “ತಮ್ಮಾ, ಕೂಸಿನ್ನ ಮನ್ಯಾಗ ಬಿಟ್ಟು ಬರೇ ಕುಲಾಯಿ ತಂದ್ರ ತಲಿ ಅಳತಿ ಹೆಂಗ ತಗೊಳ್ಲಿ? ಕಾರು ತಾ.”

ಕಾರು ಬಂತು. ಕಾಗದದ ಮೇಲೆ ಐನೂರು ಕುದುರೆಯ ಶಕ್ತಿ, ರಸ್ತೆಯ ಮೇಲೆ ಒಂದೂ ಕುದುರಿರಲಿಲ್ಲ. ಇಂಜಿನ್ನಿನ ಅಳತೆಗೆ ಟರ್ಬೋ ದೊಡ್ಡದು, ಅಂದರೆ ಅದರ ಗಾಲಿಯನ್ನು ಎಬ್ಬಿಸುವಷ್ಟು ಹೊಗೆಯೇ ಕೂಡುತ್ತಿರಲಿಲ್ಲ. ಸಾಲದ್ದಕ್ಕೆ ಕನ್ನಡಿಯಂತೆ ಹೊಳೆಯುವ ಉದ್ದನೆಯ ದಪ್ಪ ಪೈಪು, ಇಂಜಿನ್ನಿನ ಸುತ್ತ ಪ್ರದಕ್ಷಿಣೆ ಹಾಕಿಕೊಂಡು. ಗಾಲಿ ಸಣ್ಣದಾಗಬೇಕು, ಪೈಪು ಅರ್ಧ ಆಗಬೇಕು, ಹೊಗೆಯ ಕೊಳವೆಗೆ ಬಿಸಿ ಆರದಂತೆ ಪಟ್ಟಿ ಸುತ್ತಬೇಕು ಎಂದರು ಹೊಳೆವ್ವ. ಆಗ ಸಂಗನಬಸವ ಏನು ಅಂದರು ಎಂಬುದನ್ನು ಇಲ್ಲದ ಕನ್ನಡಕ ಮೂಗಿನ ಮೇಲೆ ಏರಿಸುತ್ತ ಅವರೇ ಆಡುತ್ತಾರೆ: “ಅಕ್ಕಾರ, ಟಾಪ್ ಎಂಡಿನಾಗ, ಪೂರಾ ಸ್ಪೀಡಿಗೆ, ನಲವತ್ತು ಕುದುರಿ ಕಡಿಮಿ ಆಗ್ತಾವ್ರಿ!”

“ಟಾಂಗಾದಾಂವಗ ಒಂದ ಕುದುರಿ ಇರ್ತೈತಿ ತಮ್ಮಾ. ಕರದ ಕೂಡ್ಲೆ ಬರ್ತೈತಿ. ನಿನ್ನ ಐನೂರು ಎಲ್ಲಿ ಮೇಯಾಕ ಹೋಗ್ಯಾವ?”

ಸಂಗನಬಸವ ಒಪ್ಪಲಿಲ್ಲ. ಹೊಳೆವ್ವ ಎರಡು ಪೈಪು ನೆಲಕ್ಕಿಟ್ಟರು: ಅವರ ಹೊಳೆಯುವ ಪೈಪು ಒಂದು, ತೋಟದ ಸಣ್ಣ ಪೈಪಿನ ತುಂಡೊಂದು. ಎರಡಕ್ಕೂ ಒಂದೊಂದು ತಂಬಿಗೆ ನೀರು ಸುರಿದರು. ಸಣ್ಣದರ ತುದಿಯಿಂದ ನೀರು ಚಿಮ್ಮಿ ಸಂಗನಬಸವನ ಬೂಟು ನೆನೆಸಿತು. ದಪ್ಪ ಪೈಪಿನ ನೀರು ಒಳಗೇ ಹಾಸಿಗೆ ಹಾಸಿ ಮಲಗಿತು. ಇಂಜಿನಿಯರು ಬೂಟು ನೋಡಿದರು, ಪೈಪು ನೋಡಿದರು. ಹ್ಞೂಂ ಅಂದರು. ಅವರ ದೊಡ್ಡ ಟರ್ಬೋ ಡಬ್ಬಿಗೆ ವಾಪಸು ಹೋಯಿತು, ಹೊಳೆವ್ವ ತಮ್ಮಲ್ಲಿದ್ದ ಸಣ್ಣದೊಂದನ್ನು ಕಟ್ಟಿ ಕೂರಿಸಿದರು.

ಇವತ್ತು ಪರೀಕ್ಷೆ. ಆರೂಕಾಲಕ್ಕೆ ಬಂದ ಸಂಗನಬಸವ ಕಾರನ್ನು ದೊಡ್ಡ ಗಾಡಿಗೇರಿಸಿ, ಗಂಡ ಹೆಂಡತಿಯನ್ನೂ ಕೂರಿಸಿಕೊಂಡು, ತಿಕೋಟಾ ಬಬಲೇಶ್ವರದ ನಡುವಿನ, ಕಲ್ಲು ಒಡೆಯುವ ಖಡಿ ಮಷೀನಿಗೆ ತರುತ್ತಾರೆ. ಕಲ್ಲು ಸಾಗಿಸಲು ಹಾಕಿದ ಖಾಸಗಿ ದಾರಿ, ಉದ್ದನೆಯ ಏರು, ಎಂಟರ ತನಕ ನರಪಿಳ್ಳೆ ಇಲ್ಲ. ಹೊಳೆವ್ವ ಹೆಲ್ಮೆಟ್ಟು ಹಾಕಿ ಚಾಲಕನ ಪಕ್ಕದಲ್ಲಿ ಕೂರುತ್ತಾರೆ. ಕಾರು ಏರು ಹತ್ತಿ ಬಂದು ನಿಲ್ಲುತ್ತದೆ. ಹೊಳೆವ್ವ ಇಳಿಯುತ್ತಾರೆ, ಹೆಲ್ಮೆಟ್ಟು ತೆಗೆಯುತ್ತಾರೆ, ತುಕಾರಾಮರ ಎದುರು ನಿಂತು ತುಟಿ ಬಿಗಿಯುತ್ತಾರೆ. ‘ಉಂ’ ಅನ್ನುವುದೇ ತಡ, ಗಲ್ಲ ಉಬ್ಬಿ ಆಗಿದೆ. ತುಕಾರಾಮರ ಮುಖ ಅರಳುತ್ತದೆ. ಲ್ಯಾಪ್‌ಟಾಪು ಹೇಳುವುದೂ ಅದನ್ನೇ: ಮೊದಲು ಎರಡು ಸೆಕೆಂಡು ದಾಟುತ್ತಿದ್ದ ಲ್ಯಾಗು ಈಗ ಮುಕ್ಕಾಲು ಸೆಕೆಂಡು.

“ಅಕ್ಕಾರ, ನಿಮ್ಮ ಕಾಲಿಗೆ ಬೀಳಬೇಕ್ರಿ!”

“ಬೀಳಬ್ಯಾಡ. ಬಗ್ಗಿ ಆ ಅಕ್ಷರ ಓದು, ಸಾಕು.”

ಸಂಗನಬಸವ ಬಗ್ಗುತ್ತಾರೆ, ಓದುತ್ತಾರೆ. ಕಿಸೆಯಿಂದ ಸ್ಟಿಕರು ಹೊರಗೆ ಬರುತ್ತದೆ. “ಈ ಸಲ ಅಳಸೂದಿಲ್ರಿ. ಮ್ಯಾಲ ಇದೊಂದ ಅಂಟಸ್ತೇನಿ. ಗಿರಾಕಿ ಮುಂಬೈದಾಂವ. ಇಬ್ರಾಹಿಂಪುರದಾಗ ಮಾಡ್ಸೇನಿ ಅಂದ್ರ ನಂಬೂದಿಲ್ಲ.”

“ಗಾಡಿ ನಂಬೇತಿ. ನೀ ನಂಬೀದಿ. ಇನ್ನ ಯಾರ ನಂಬಬೇಕು? ಅಳಿಸಿದ್ರೂ ಅಷ್ಟ, ಮುಚ್ಚಿದ್ರೂ ಅಷ್ಟ.” ಹೊಳೆವ್ವ ಖಾಕಿ ಅಂಗಿಯ ಕಿಸೆಯಿಂದ ನಟ್ಟು ಬಿಚ್ಚುವ ಪಾನಾ ತೆಗೆಯುತ್ತಾರೆ. “ಟರ್ಬೋ ಬಿಚ್ಚತೇನಿ. ನಿನ್ನ ಹಳೀದು ಡಬ್ಬ್ಯಾಗ ಐತಿ, ಒಯ್ಯಿ.”

“ಕೆಂಪಗ ಕಾದೈತ್ರಿ, ಕೈ ಸುಡ್ತೈತಿ!”

“ಗೊತ್ತೈತಿ. ತಣ್ಣಗಾಗೂ ತನಕ ಕುಂದರ್ತೇನಿ.”

ಪಾನಾವನ್ನು ಮಡಿಲಲ್ಲಿ ಇಟ್ಟುಕೊಂಡು ಹೊಳೆವ್ವ ಕಾರಿನ ಮುಂದಿನ ಕಲ್ಲಿನ ಮೇಲೆ ಕೂರುತ್ತಾರೆ. ಊರಿನ ತಡವನ್ನೆಲ್ಲ ತೆಗೆಯುವ ಹೆಂಗಸು ಈಗ ತಡ ಮಾಡಲೆಂದೇ ಕೂತಿದ್ದಾರೆ. ಆರುವ ಲೋಹ ಟಿಕ್ ಟಿಕ್ ಅನ್ನುತ್ತದೆ. ತುಕಾರಾಮ ಬುತ್ತಿ ಬಿಚ್ಚಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಮೂರು ಪಾಲು ಮಾಡುತ್ತಾರೆ. ಜಗಳ ಅಕ್ಷರದ್ದು, ರೊಟ್ಟಿಯದಲ್ಲ. ಸಂಗನಬಸವ ರೊಟ್ಟಿ ಒಂದು ಕೈಯಲ್ಲಿ, ಫೋನು ಇನ್ನೊಂದು ಕೈಯಲ್ಲಿ ಹಿಡಿದು ದಾರಿಯುದ್ದಕ್ಕೂ ನಡೆದಾಡುತ್ತಾರೆ. ಹೊಳೆವ್ವ ಬೆರಳದ್ದಿ ಒಂದು ಹನಿ ನೀರು ಟರ್ಬೋದ ಮೇಲೆ ಬಿಡುತ್ತಾರೆ. ಚುರ್ರ್. ಸ್ವಲ್ಪ ಹೊತ್ತಿಗೆ ಇನ್ನೊಂದು ಹನಿ. ಚುರ್. ಏಳೂ ಮುಕ್ಕಾಲಿನ ಹನಿ ಸದ್ದಿಲ್ಲದೆ ಜಾರಿ ಇಳಿಯುತ್ತದೆ. ಹೊಳೆವ್ವ ಏಳುತ್ತಾರೆ.

ಮೊದಲ ನಟ್ಟು ಸಡಿಲಾಗುತ್ತದೆ. ಎರಡನೆಯದು.

“ಅಕ್ಕಾರ, ತಡೀರಿ! ತಡೀರಿ!” ಸಂಗನಬಸವ ಓಡಿ ಬರುತ್ತಾರೆ. ಸ್ಟಿಕರು ಅವರ ಮುಷ್ಟಿಯಲ್ಲಿ ಉಂಡೆಯಾಗಿದೆ. “ಅಕ್ಷರದ ಫೋಟೋ ಕಳಿಸಿದೆ ಗಿರಾಕಿಗೆ. ಇದು ಯಾವ ದೇಶದ ಕಂಪನಿ ಅಂತ ಕೇಳಿದ.”

“ಏನ್ ಅಂದಿ?”

“ಇಬ್ರಾಹಿಂಪುರ ಅಂದೆ. ವಿಳಾಸ ಕೊಡು ಅಂದ.”

ಹೊಳೆವ್ವ ನಗುವುದಿಲ್ಲ. ಸಡಿಲಾದ ಎರಡು ನಟ್ಟು ಮತ್ತೆ ಬಿಗಿದು, ಗಾಡಿಯಿಂದ ಬೋಗುಣಿ ತರಿಸಿ, ಇಂಜಿನ್ ಚಾಲೂ ಮಾಡಿಸಿ, ಆ ಕೀಲಿಗೆ ಮತ್ತೊಮ್ಮೆ ನೊರೆ ಹಚ್ಚಿ ನೋಡುತ್ತಾರೆ. ಗುಳ್ಳೆ ಇಲ್ಲ. ಖಡಿ ಮಷೀನಿನ ಮೊದಲ ಲಾರಿ ಬರುವ ಹೊತ್ತಿಗೆ ಕೆಂಪು ಕಾರು, ಹಣೆಯ ಮೇಲೆ ಅಕ್ಷರ ಹೊತ್ತು, ಕೊಲ್ಲಾಪುರದ ದಾರಿ ಹಿಡಿದಿದೆ.

ಹೆಸರು ಬರಲಿ ಎಂಬ ಆಸೆಯೇ ಎಂದು ಕೇಳಿದರೆ ಹೊಳೆವ್ವ ಕೈಯ ನೊರೆಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

“ಹೆಸರಿಗೆ ಅಲ್ರಿ. ನಾಳಿ ಅದು ಎಲ್ಲೋ ಕೆಡ್ತೈತಿ, ಯಾರೋ ಬಿಚ್ಚತಾರ. ತಪ್ಪು ನಂದ ಇದ್ರ ಬೈತಾರ. ಬೈಲಿ. ಹೆಸರ ಹಿಡದು ಬೈಲಿ.”