ಅಕ್ಕನ ಎರಡನೇ ಕ್ಲಾಸು

ಆಗೆಲ್ಲ ನಮ್ಮ ಹಳ್ಳಿಯಲ್ಲಿ ತಲೆ ಬಾಚಿಸಿಕೊಳ್ಳುವುದೆಂದರೆ ಅರ್ಧ ತಾಸಿನ ಕೆಲಸ. ಸಂಜೆ ಬಿಸಿಲು ಇಳಿದ ಮೇಲೆ ನಾಗವೇಣಿ ಅಕ್ಕ ಕಟ್ಟೆಯ ಮೇಲೆ ಕೂರುತ್ತಿದ್ದಳು, ನಾನು ಒಂದು ಮೆಟ್ಟಿಲು ಕೆಳಗೆ. ಕೊಬ್ಬರಿ ಎಣ್ಣೆಯ ವಾಸನೆ, ಬಣವೆಗೆ ಒಟ್ಟಿದ ಹೊಸ ಹುಲ್ಲಿನ ವಾಸನೆ, ಒಳಗಿನಿಂದ ಅವ್ವ ಹುರಿಯುತ್ತಿದ್ದ ಶೇಂಗಾದ ವಾಸನೆ ಎಲ್ಲ ಕೂಡಿ ನನಗೆ ಕಣ್ಣು ಎಳೆಯುತ್ತಿತ್ತು. ಸಿರುಗುಪ್ಪದಿಂದ ಕರೂರಿನ ಕಡೆ ಹೋಗುವ ಕೊನೆಯ ಬಸ್ಸು ಧೂಳೆಬ್ಬಿಸಿ ಹೋಗುವವರೆಗೆ ಎರಡು ಜಡೆ ಮುಗಿಯಬೇಕು. ಅಷ್ಟರೊಳಗೆ ಕತೆಯೂ ಮುಗಿಯಬೇಕು.

ಕತೆ ದಿನಾ ಒಂದೇ. ನಾನು ಹುಟ್ಟಿದ ವರ್ಷದ್ದು.

ಅವ್ವ ನನ್ನ ಬಾಣಂತನಕ್ಕೆ ಸಿರುಗುಪ್ಪ ಪಟ್ಟಣದ ತವರಿಗೆ ಹೋದಾಗ ಅಕ್ಕ ಎರಡನೇ ಕ್ಲಾಸು. ಅವಳನ್ನು ಹಳ್ಳಿಯಲ್ಲಿ ನೋಡಿಕೊಳ್ಳುವವರು ಇಲ್ಲದ್ದರಿಂದ ಜೊತೆಗೇ ಕರೆದುಕೊಂಡು ಹೋದಳು. ನಮ್ಮೂರ ಮೇಷ್ಟ್ರು, "ಹೋಗಿ ಬರ್ರಿ ತಾಯಿ, ಹುಡುಗಿ ಹೆಸರು ಇಲ್ಲೇ ಇರ್ಲಿ" ಅಂದಿದ್ದರಂತೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ನಾನು ಅಂಗೈ ಅಗಲದವಳು. ಮೂರು ತಿಂಗಳ ಬಾಣಂತನ ಒಂದು ವರ್ಷವಾಯಿತು. ಅಮ್ಮಮ್ಮನ ಮನೆಯ ಎದುರಿಗೇ ಶಾಲೆ. ಅಲ್ಲಿಯ ಟೀಚರಮ್ಮ ಅಕ್ಕನನ್ನು ಸುಮ್ಮನೆ ಒಳಗೆ ಕೂರಿಸಿಕೊಂಡರು. ಹಾಜರಿಯಿಲ್ಲ, ಹೆಸರಿಲ್ಲ, ಪಾಠ ಮಾತ್ರ.

"ಇಂಟರವಲ್ ಗಂಟಿ ಬಾರಿಸಿದ ಕೂಡ್ಲೆ ನಾ ಓಡಿ ಬರತಿದ್ದೆ," ಅನ್ನುತ್ತಿದ್ದಳು ಅಕ್ಕ, ಕೂದಲ ಸಿಕ್ಕು ಬಿಡಿಸುತ್ತಾ. "ಮನಿ ತುಂಬ ಲೋಬಾನದ ಹೊಗಿ. ನೀ ಹಿಂಗ ಕಣ್ಣು ಮುಚ್ಚಿಕೊಂಡು ತೊಟ್ಟಿಲದಾಗ. ಇರ್ತಾಳೋ ಹೋಗ್ತಾಳೋ ಅಂತ ಎಲ್ಲಾರಿಗೂ ಅಂಜಿಕಿ. ನಾ ನಿನ್ನ ಎದಿಗೆ ಕಿವಿ ಇಟ್ಟೆ. ಟಕ್ ಟಕ್, ಟಕ್ ಟಕ್. ಅವ್ವಾ, ಐತಿ, ಐತಿ ಅಂತ ಕೂಗಿದೆ. ಅವತ್ತ ಅನ್ಕೊಂಡೆ ನೋಡು, ಡಾಕ್ಟರಾ ಆಗಬೇಕು ಅಂತ."

ಕತೆ ಇಲ್ಲಿಗೆ ಬಂದಾಗ ನಾನು ಹಿಂದಕ್ಕೆ ತಲೆ ಚೆಲ್ಲಿ ಅವಳ ಮುಖ ನೋಡಲೇಬೇಕು, ಅವಳು "ಏ ಹುಚ್ಚಿ, ಜಡಿ ಸೊಟ್ಟ ಆಗತೈತಿ" ಅಂತ ನೆತ್ತಿಗೊಂದು ಕೊಡಲೇಬೇಕು. ಲೋಕದಲ್ಲಿ ನನ್ನಷ್ಟು ದೊಡ್ಡ ಮನುಷ್ಯರು ಇನ್ನೊಬ್ಬರಿಲ್ಲ ಅನಿಸುತ್ತಿತ್ತು.

ನನಗೆ ಹತ್ತು ವರ್ಷವಾದ ಬೇಸಿಗೆಯಲ್ಲಿ ಅಕ್ಕ ಬಳ್ಳಾರಿಯ ಹಾಸ್ಟೆಲಿನಿಂದ ಪಿಯುಸಿ ಮುಗಿಸಿ ಬಂದಳು. ಸಿಇಟಿ ಬರೆದಿದ್ದಳು. ಅಲ್ಲಿಯ ಬ್ರೂಸ್‌ಪೇಟೆಯಲ್ಲಿ ಕೊಂಡ ಒಂದು ನೀಲಿ ಫೈಲು ಅವಳ ಜೊತೆಗೆ ಬಂತು. ಅದನ್ನು ಮುಟ್ಟುವ ಮೊದಲು ಅವಳು ಕೈ ತೊಳೆದು ದಾವಣಿಗೆ ಒರೆಸಿಕೊಳ್ಳುತ್ತಿದ್ದಳು. ಜಾತಿ ಆದಾಯದ ಪತ್ರ, ಅಂಕಪಟ್ಟಿ, ನಾಲ್ಕು ಫೋಟೋ. ಫೋಟೋದಲ್ಲಿ ಅಕ್ಕ ಯಾರೋ ಬೈದು ಕೂರಿಸಿದವಳ ಹಾಗಿದ್ದಳು. ಆ ಬೇಸಿಗೆಯಿಡೀ ನಾನು ಪಪ್ಪಾಯಿ ಎಲೆಯ ದಂಟು ಕೊರಳಿಗೆ ಹಾಕಿಕೊಂಡು ಓಣಿಯ ಆಡು, ಎಮ್ಮೆ, ಮುದುಕರು ಎಲ್ಲರ ಎದೆ ನೋಡಿದೆ. ಎಮ್ಮೆಗೆ ಮಾತ್ರ ನನ್ನ ವೈದ್ಯ ಸರಿಬರಲಿಲ್ಲ, ಒದೆಯಿತು.

ಫಲಿತಾಂಶ ಬಂದ ದಿನ ದೊಡ್ಡವರು ಪಡಸಾಲೆಯಲ್ಲಿ ಬಹಳ ಹೊತ್ತು ಮಾತಾಡಿದರು. ನನ್ನನ್ನು ಹೊರಗೆ ಕಳಿಸಿದರು. ಆ ಮಾತಿನ ಅರ್ಥ ನನಗೆ ತಿಳಿದದ್ದು ಮುಂದೆ. ಅಕ್ಕನ ರ‍್ಯಾಂಕು ಚೆನ್ನಾಗಿತ್ತು, ಆದರೆ ಬರೀ ರ‍್ಯಾಂಕಿಗೆ ಮೆಡಿಕಲ್ ಸೀಟು ಸ್ವಲ್ಪದರಲ್ಲಿ ತಪ್ಪುತ್ತಿತ್ತು. ಗ್ರಾಮೀಣ ಮೀಸಲಾತಿ ಇದ್ದರೆ ಖಂಡಿತ ಸಿಗುತ್ತಿತ್ತು. ಅದಕ್ಕೆ ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲೇ ಓದಿದ ಪ್ರಮಾಣಪತ್ರ ಬೇಕು. ಒಂದು ವರ್ಷ ಪಟ್ಟಣದಲ್ಲಿ ಓದಿದ್ದರೂ ಆಗುವುದಿಲ್ಲ. ಶಾಲೆಯ ದಾಖಲೆಯಲ್ಲಿ ಅಕ್ಕನ ಹತ್ತೂ ವರ್ಷ ಹಳ್ಳಿಯಲ್ಲೇ ಇದ್ದವು. ಮೇಷ್ಟ್ರು ಹೆಸರು ತೆಗೆದಿರಲಿಲ್ಲವಲ್ಲ! ಹೊಸ ಹೆಡ್‌ಮಾಸ್ತರು ಅದನ್ನು ನೋಡಿ ಸಹಿ ಮಾಡಿಕೊಟ್ಟರು. ಇನ್ನು ಸಿರುಗುಪ್ಪದ ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಮೇಲಿನ ಸಹಿ ಆಗಬೇಕು, ಅಷ್ಟೇ.

ಅಮ್ಮಮ್ಮನ ಮನೆಗೆ ಹೋಗಬಹುದು ಅಂತ ನಾನೂ ಹಟ ಮಾಡಿ ಅಪ್ಪ, ಅಕ್ಕನ ಜೊತೆ ಹೊರಟೆ. ಬೆಳಗ್ಗೆ ಅಮ್ಮಮ್ಮ "ನಾ ಬಂಗಾರು ತಲ್ಲಿ" ಅಂತ ತೆಲುಗಿನಲ್ಲಿ ಮುದ್ದಿಸುತ್ತಾ ಅಕ್ಕನ ಗಲ್ಲ ಸವರಿ, ಒಗ್ಗರಣಿ ಮಂಡಕ್ಕಿ, ಮಿರ್ಚಿ ತಿನ್ನಿಸಿ ಕಳಿಸಿದಳು. ಕಚೇರಿಯಲ್ಲಿ ಹಳೆ ಕಾಗದದ, ಅಂಟಿನ ವಾಸನೆ. ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿತ್ತು. ಸಾಹೇಬರು ವಯಸ್ಸಾದವರು, ನಗುಮುಖದವರು. ಪೆನ್ನಿನ ಟೋಪಿ ತೆಗೆದು ಇನ್ನೇನು ಸಹಿ ಹಾಕಬೇಕು, ತಲೆಯೆತ್ತಿ ಪ್ರೀತಿಯಿಂದ ಕೇಳಿದರು.

"ಡಾಕ್ಟರಾ ಆಗಬೇಕು ಅಂತ ಯಾಕನಿಸ್ತಮ್ಮ ನಿನಗ?"

ಅಕ್ಕ ನಾಚಿ ನೆಲ ನೋಡಿದಳು. ಅವಳಿಗೆ ಉತ್ತರ ಬಾರದೇ? ನನಗೆ ಬರುತ್ತಿತ್ತು, ದಿನಾ ಕೇಳಿ ಬಾಯಿಪಾಠವಾಗಿತ್ತು.

"ನಾ ಹೇಳ್ತೀನ್ರಿ ಸಾಹೇಬ್ರ!" ಅಂದೆ. ಹೇಳಿದೆ. ತೊಟ್ಟಿಲು, ಲೋಬಾನ, ಟಕ್ ಟಕ್, ಒಂದನ್ನೂ ಬಿಡಲಿಲ್ಲ. "ಅಕ್ಕ ಇದ ಸಿರುಗುಪ್ಪದ ಸಾಲ್ಯಾಗ ಎರಡನೇ ಕ್ಲಾಸು ಓದತಿದ್ಲು ನೋಡ್ರಿ, ಪೂರಾ ಒಂದು ವರ್ಷ. ಇಂಟರವಲ್‌ಗೆ ಓಡಿ ಬರತಿದ್ಲು."

ಯಾರೂ ನಗಲಿಲ್ಲ. ನನ್ನ ಭುಜದ ಮೇಲಿದ್ದ ಅಪ್ಪನ ಕೈ ಬಿಗಿಯಾಯಿತು. ಸಾಹೇಬರು ಕಾಗದವನ್ನೂ ಅಕ್ಕನನ್ನೂ ನೋಡಿ ಮೆಲ್ಲಗೆ ಪೆನ್ನಿಗೆ ಟೋಪಿ ಹಾಕಿದರು.

"ಸಣ್ಣ ಹುಡುಗಿ ಸಾಹೇಬ್ರ, ಕತಿ ಕಟ್ಟತೈತಿ," ಅಂದ ಅಪ್ಪ. ಜನ್ಮದಲ್ಲಿ ಸುಳ್ಳು ಹೇಳಿದವನಲ್ಲ, ಅದನ್ನು ಸಾಹೇಬರ ಮುಖ ನೋಡದೆ ಹೇಳಿದ. ನನಗೆ ಅಳು ಬಂತು. ನನ್ನ ಕತೆ ಸುಳ್ಳೇ?

ಸಾಹೇಬರು ಬೈಯಲಿಲ್ಲ. "ಕಿವಿಗೆ ಬಿದ್ದ ಮ್ಯಾಲೆ ಹ್ಯಾಂಗ ಸೈ ಹಾಕ್ಲಿ ಯಜಮಾನ್ರ? ಆ ವರ್ಷ ಕಲಿಸಿದ ಮೇಷ್ಟ್ರು ಇದ್ದರ, ಹುಡುಗಿ ಹಳ್ಳಿ ಸಾಲಿಗೇ ಬರತಿತ್ತು ಅಂತ ಒಂದು ಪತ್ರ ಬರಿಸ್ಕೊಂಡು ಬರ್ರಿ. ಆವಾಗ ಹಾಕ್ತೀನಿ," ಅಂದರು.

ಆಡಿದ ಮಾತು, ಒಡೆದ ಮುತ್ತು ತಿರುಗಿ ಬರುವುದಿಲ್ಲ ಅನ್ನುವುದು ನನಗೆ ಆ ಕಚೇರಿಯ ಮೆಟ್ಟಿಲ ಮೇಲೆ ತಿಳಿಯಿತು. ಅಪ್ಪ ಎರಡೇ ಮಾತಿನಲ್ಲಿ ತಿಳಿಸಿ ಹೇಳಿದ. "ಪ್ಯಾಟಿ ಸಾಲ್ಯಾಗ ಓದ್ಯಾಳ ಅಂದ್ರ ಸೀಟು ಸಿಗಂಗಿಲ್ಲ. ನಿನ್ನ ಬಾಯಿಗಿಷ್ಟು!" ಅಕ್ಕ ಅವನನ್ನು ತಡೆದು ನನ್ನ ಮೂಗು ಒರೆಸಿದಳು.

ಮೇಷ್ಟ್ರು ನಿವೃತ್ತರಾಗಿ ಕುರುಗೋಡಿನಲ್ಲಿದ್ದರು. ಮರುದಿನ ಮೂವರೂ ಅಲ್ಲಿಗೆ ಹೋದೆವು. ಬಸ್ಸಿನ ಕಿಟಕಿಯಲ್ಲಿ ಬಂಡೆಗುಡ್ಡಗಳು ಬಿಸಿಲಿಗೆ ಅಲ್ಲಾಡಿದಂತೆ ಕಾಣುತ್ತಿದ್ದವು. ನಾನು ಹುಟ್ಟದೇ ಇದ್ದಿದ್ದರೆ ಅವ್ವ ತವರಿಗೆ ಹೋಗುತ್ತಿರಲಿಲ್ಲ, ಅಕ್ಕ ಆ ಶಾಲೆಯಲ್ಲಿ ಕೂರುತ್ತಿರಲಿಲ್ಲ ಅಂತ ಒಂದೇ ಲೆಕ್ಕ ತಲೆಯಲ್ಲಿ ಸುತ್ತುತ್ತಿತ್ತು.

ಮೇಷ್ಟ್ರ ಅಂಗಳದಲ್ಲಿ ಬೇವಿನ ನೆರಳು, ಒಂದು ಅಂಜೂರದ ಗಿಡ. ಅವರು ಅಕ್ಕನ ಗುರುತು ಹಿಡಿದರು. ಅಪ್ಪ ನಡೆದದ್ದನ್ನು ಹೇಳಿದ.

"ಬಾಣಂತನಕ್ಕ ಹೋದೋರ ಮಕ್ಕಳ ಹೆಸರು ಹಿಂಗ ಎಷ್ಟು ಉಳಿಸೀನೋ," ಅಂದರು ಮೇಷ್ಟ್ರು. "ಟಿಸಿ ಕೊಟ್ಟು ಕಳಿಸಿದ್ರ ಹೆಣ್ಣುಹುಡುಗ್ರು ತಿರುಗಿ ಸಾಲಿಗೆ ಬರತಿರಲಿಲ್ಲಪ್ಪ. ಮನ್ಯಾಗ ಇಟ್ಟುಕೊಂಡುಬಿಡ್ತಿದ್ರು. ಚಲೋದಕ್ಕಂತ ಮಾಡಿದ್ದು. ಇರ್ಲಿ, ಹುಡುಗಿ ಜೀವನದ ಪ್ರಶ್ನಿ. ಬರದು ಕೊಡ್ತೀನಿ."

ಬಿಳಿ ಹಾಳೆ ಬಂತು. ಕನ್ನಡಕ ಬಂತು. ಮೇಷ್ಟ್ರು ಮೇಲೆ ದಿನಾಂಕ ಹಾಕಿ, "ಏನು ಬರೀಲವ್ವ ವೇಣಿ?" ಅಂದರು.

ಅಕ್ಕ ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತೆ. ದಾರಿಯುದ್ದಕ್ಕೂ ಯೋಚಿಸಿದ್ದೆ. "ನಾ ಸುಳ್ಳು ಹೇಳಿದ್ದೆ ಅಂತ ಬರೀರಿ ಮೇಷ್ಟ್ರ. ಈ ಗಂಗಿ ಬರೇ ಸುಳ್ಳು ಹೇಳ್ತಾಳ, ಅಕ್ಕ ಸಿರುಗುಪ್ಪಕ್ಕ ಬಂದಿಲ್ಲ, ನನ್ನ ತೊಟ್ಟಿಲಾ ತೂಗಿಲ್ಲ ಅಂತ ಬರೀರಿ."

ಅಕ್ಕ ನನ್ನನ್ನೇ ನೋಡಿದಳು, ಎಷ್ಟು ಹೊತ್ತು ನೋಡಿದಳೋ. ಆಮೇಲೆ ಕೈ ಚಾಚಿ ಮೇಷ್ಟ್ರ ಮುಂದಿನ ಹಾಳೆಯನ್ನು ಮೆಲ್ಲಗೆ ತೆಗೆದುಕೊಂಡಳು.

"ಬ್ಯಾಡ್ರಿ ಮೇಷ್ಟ್ರ," ಅಂದಳು. "ಇಕಿ ಹುಟ್ಟಿದ ವರ್ಷಾನ ಇಲ್ಲ ಅಂತ ಬರಿಯಾಕ ನನಗ ಆಗಂಗಿಲ್ಲ."

ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಮೇಷ್ಟ್ರು ಹೊರಡುವಾಗ ನನ್ನ ಕೈಗೆ ಎರಡು ಅಂಜೂರ ಕೊಟ್ಟರು. ಬಸ್ಸಿನಲ್ಲಿ ಅಕ್ಕ ಒಂದನ್ನು ಬಿಡಿಸಿ ನನ್ನ ಬಾಯಿಗಿಟ್ಟಳು, ಇನ್ನೊಂದನ್ನು ತಾನು ತಿಂದಳು. ಅಷ್ಟು ಸಿಹಿಯಾದ ಹಣ್ಣನ್ನು ಆಮೇಲೆ ನಾನು ತಿಂದಿಲ್ಲ, ಅಷ್ಟು ಕಷ್ಟಪಟ್ಟು ನುಂಗಿಯೂ ಇಲ್ಲ.

ಗ್ರಾಮೀಣ ಅನ್ನುವ ಜಾಗವನ್ನು ಖಾಲಿ ಬಿಟ್ಟೇ ಅಕ್ಕ ಅರ್ಜಿ ಹಾಕಿದಳು. ಪಡಸಾಲೆಯಲ್ಲಿ ದೊಡ್ಡವರು ಹೇಳಿದಂತೆಯೇ ಆಯಿತು, ಸೀಟು ಸ್ವಲ್ಪದರಲ್ಲಿ ತಪ್ಪಿತು. ಅವಳು ನರ್ಸಿಂಗ್ ಸೇರಿದಳು. ಈಗ ಬಳ್ಳಾರಿಯ ಪಾರ್ವತಿನಗರದಲ್ಲಿ ಮನೆ, ಆಸ್ಪತ್ರೆಯಲ್ಲಿ ಕೆಲಸ, ಗಂಡ, ಏಳು ವರ್ಷದ ಮಗಳು. ಚೆನ್ನಾಗಿದ್ದಾಳೆ. ಬಾಯಿ ಬಿಟ್ಟು ನನ್ನನ್ನು ಒಂದು ದಿನವೂ ಅಂದವಳಲ್ಲ. ಒಂದೇ ಒಂದು ಹಟ ಹಿಡಿದಳು. ಗಂಗಿ ಹತ್ತನೇ ಕ್ಲಾಸಿನವರೆಗೆ ಹಳ್ಳಿ ಶಾಲೆ ಬಿಟ್ಟು ಒಂದು ದಿನವೂ ಬೇರೆ ಕಡೆ ಕೂರಬಾರದು. ಅಮ್ಮಮ್ಮ ಹಾಸಿಗೆ ಹಿಡಿದಾಗ ಅವ್ವ ಸಿರುಗುಪ್ಪಕ್ಕೆ ಹೋದಳು, ನನಗಾಗಿ ಅಕ್ಕ ರಜೆ ಹಾಕಿ ಹಳ್ಳಿಗೆ ಬಂದಳು. ಹಾಗೆ ನನ್ನ ಪ್ರಮಾಣಪತ್ರದಲ್ಲಿ ಹತ್ತು ಸಾಲೂ ಒಂದೇ ಊರಿನವು, ಹತ್ತೂ ನಿಜ. ನನಗೆ ಸೀಟು ಸಿಕ್ಕಿತು. ನಾನು ಡಾಕ್ಟರಾದೆ.

ಆದರೆ ಕುರುಗೋಡಿನಿಂದ ಬಂದ ಸಂಜೆಯ ನಂತರ ಅಕ್ಕ ಆ ಕತೆ ಹೇಳಲಿಲ್ಲ. ತಲೆ ಬಾಚುತ್ತಿದ್ದಳು, ಜಡೆ ಹೆಣೆಯುತ್ತಿದ್ದಳು, ಬೇರೆ ಏನೇನೋ ಮಾತಾಡುತ್ತಿದ್ದಳು. ಕೇಳುವ ಧೈರ್ಯ ನನಗೂ ಇರಲಿಲ್ಲ. ನನ್ನ ಬಾಲ್ಯ ಮುಗಿದದ್ದು ಯಾವಾಗ ಅಂತ ಯಾರಾದರೂ ಕೇಳಿದರೆ ನಾನು ಆ ಸಂಜೆಯನ್ನೇ ಹೇಳುತ್ತೇನೆ.

ನನ್ನ ಮೊದಲ ಸ್ಟೆತಸ್ಕೋಪನ್ನು ಕೊಡಿಸಿದವಳು ಅಕ್ಕನೇ. ಅಂದು ಅವಳನ್ನೇ ಕೂರಿಸಿ ಎದೆಗಿಟ್ಟು ಕೇಳಿದೆ. ಅವಳು ಕಣ್ಣು ಮುಚ್ಚಿಕೊಂಡು, "ಟಕ್ ಟಕ್ ಅಂತೈತೇನ ಲೇ?" ಅಂದಳು. ಆ ಕತೆಯಲ್ಲಿ ನನಗೆ ವಾಪಸ್ಸು ಸಿಕ್ಕಿದ್ದು ಅಷ್ಟು.

ಉಳಿದದ್ದನ್ನು ಈಗ ರಜೆಗೆ ಹೋದಾಗ ಅವಳ ಮಗಳಿಗೆ ತಲೆ ಬಾಚುತ್ತಾ ನಾನು ಹೇಳುತ್ತೇನೆ. ಒಳಗೆ ಪಾತ್ರೆ ತೊಳೆಯುವ ಸದ್ದು ನಿಲ್ಲುತ್ತದೆ. ಅಕ್ಕ ಕೇಳಿಸಿಕೊಳ್ಳುತ್ತಿದ್ದಾಳೆ ಅಂತ ಗೊತ್ತಾಗುತ್ತದೆ. ಅವಳು ಬಂದು ಬಾಯಿ ಹಾಕಲಿ, ಹಾಗಲ್ಲ ಹೀಗೆ ಅಂತ ತಿದ್ದಲಿ ಅಂತ ಬೇಕೆಂದೇ ಒಂದೆರಡು ಕಡೆ ತಪ್ಪು ಹೇಳುತ್ತೇನೆ. ಅವಳು ಬರುವುದಿಲ್ಲ.